ಭಾಸ್ಕರಣ್ಣನ ಸೆಟ್ಟಿಂಗು

ಬೆಳಿಗ್ಗೆ ಆಫೀಸಿಗೆ ಹೋಗಿ, ಚಪ್ಪಲಿ ಬಿಟ್ಟು, ಫ್ಯಾನ್ ಹಾಕಿ ಕೂತು ನಾನು ಕಂಪ್ಯೂಟರಿನಲ್ಲಿ ಮೊದಲು ಟೈಪ್ ಮಾಡುವ ಶಬ್ದ 'ಎಂತ'. ಅಕ್ಷರ ಇಂಗ್ಲಿಷಿನದು, ಮಾತು ಅಪ್ಪಟ ಕುಂದಾಪ್ರದ್ದು. ನಿನ್ನೆ ಬಿಟ್ಟುಹೋದ ಕೆಲಸ ಎಲ್ಲಿಗೆ ಬಂತು, ಯಾವ ಫೈಲು ಬದಲಾಗಿದೆ ಎಂದು ಯಂತ್ರವನ್ನು ಕೇಳುವುದಕ್ಕೆ ಇಂಗ್ಲಿಷಿನಲ್ಲಿ ಒಂದು ಉದ್ದದ ಆಜ್ಞೆ ಇದೆ. ದಿನಕ್ಕೆ ಐವತ್ತು ಸಲ ಅದನ್ನು ಬರೆಯುವ ಬೇಸರಕ್ಕೆ ಒಂದು ಅಡ್ಡಹೆಸರು ಇಟ್ಟುಕೊಂಡಿದ್ದೇನೆ. 'ಎಂತ' ಅಂದರೆ ವರದಿ ಒಪ್ಪಿಸುತ್ತದೆ. 'ಹೋಪ' ಅಂದರೆ ಕೆಲಸದ ಫೋಲ್ಡರಿಗೆ ಹೋಗುತ್ತದೆ. 'ಬಪ್ಪ' ಅಂದರೆ ಹಿಂದೆ ಬರುತ್ತದೆ. ಮನೆಯಲ್ಲಿ ನನ್ನ ಮಾತನ್ನು ಇಷ್ಟು ಚೆನ್ನಾಗಿ ಕೇಳುವವರು ಯಾರೂ ಇಲ್ಲವಾದ್ದರಿಂದ ಇದರಲ್ಲಿ ನನಗೆ ಸ್ವಲ್ಪ ಹೆಚ್ಚೇ ಸುಖ.

ಹೋದ ವಾರ ಹೊಸದೊಂದು ಸರ್ವರನ್ನು ಪರೀಕ್ಷಿಸುತ್ತಿದ್ದಾಗ ಅಭ್ಯಾಸಬಲದಿಂದ 'ಎಂತ' ಎಂದು ಬರೆದೆ. ಅಂಥ ಆಜ್ಞೆಯೇ ಇಲ್ಲ ಎಂದಿತು ಅದು. ನಗು ಬಂತು, ನಗುವಿನ ಹಿಂದೆಯೇ ಮುಖ ಸ್ವಲ್ಪ ಬಿಸಿಯಾಯಿತು. ಭಾಸ್ಕರಣ್ಣನ ನೆನಪಾಯಿತು. ಮನುಷ್ಯ ಎದುರಿನ ಮೇಜಿನಲ್ಲೇ ಕೂತಿದ್ದರು. ನನಗೆ ನೆನಪಾದದ್ದು ಎರಡು ವರ್ಷದ ಹಿಂದಿನ ಭಾಸ್ಕರಣ್ಣ.

ನಮ್ಮದು ದೊಡ್ಡ ಕಂಪನಿಯೇನಲ್ಲ. ಕುಂದಾಪುರ ಪೇಟೆಯಲ್ಲಿ ಬಟ್ಟೆ ಅಂಗಡಿಯೊಂದರ ಮೇಲಿನ ಮಹಡಿ. ಆರು ಮೇಜು, ಮೂಲೆಯ ಕೋಣೆಯಲ್ಲಿ ಒಂದು ಸರ್ವರು, ಕೆಳಗಿನ ಹೋಟೆಲಿನಿಂದ ಮೇಲೇರಿ ಬರುವ ಗೋಳಿಬಜೆಯ ಪರಿಮಳ. ಮೀನುಗಾರರ ಫೋನಿಗೆ ಆ್ಯಪ್ ಮಾಡುತ್ತೇವೆ. ಇವತ್ತು ಗಾಳಿ ಹೇಗಿದೆ, ಯಾವ ದೋಣಿ ಕಡಲಿಗೆ ಹೋಗಿದೆ, ಯಾವುದು ಇನ್ನೂ ವಾಪಸು ಬಂದಿಲ್ಲ, ಇಂಥದ್ದು. ಬೀಜಾಡಿಯಿಂದ ಸ್ಕೂಟರಿನಲ್ಲಿ ಬರುವ ನಾನು ಅಲ್ಲಿ ಎಲ್ಲರಿಗಿಂತ ಹಳಬಳು. ಹಾಗಾಗಿ ನಿಯಮ ಮಾಡುವ ಚಟವೂ ನನ್ನದೇ.

ಆಗ ನಮ್ಮಲ್ಲಿ ದಿನಾ ಒಂದೇ ಜಗಳ. ಬ್ರಹ್ಮಾವರದ ಪ್ರತಿಮಾ ಬರೆದದ್ದು ಅವಳ ಕಂಪ್ಯೂಟರಿನಲ್ಲಿ ಓಡುತ್ತದೆ, ನನ್ನದರಲ್ಲಿ ಮುಗ್ಗರಿಸುತ್ತದೆ. ನಾನು ಸರಿಪಡಿಸಿದರೆ ಅವಳಲ್ಲಿ ಕೆಡುತ್ತದೆ. ಒಬ್ಬೊಬ್ಬರ ಯಂತ್ರದಲ್ಲಿ ಒಂದೊಂದು ಕಾಲದ ಸಾಮಾನು ತುಂಬಿದ್ದರಿಂದ ಹೀಗೆ. ಅದಕ್ಕೆ ಮದ್ದಾಗಿ ನಾನು ಕಂಟೇನರ್ ತಂದೆ. ಬಂದರಿನ ಕಬ್ಬಿಣದ ಪೆಟ್ಟಿಗೆಯಲ್ಲ. ಸರ್ವರಿನೊಳಗೆ ಒಬ್ಬೊಬ್ಬರಿಗೆ ಒಂದೊಂದು ಕೋಣೆ ಕಟ್ಟಿಕೊಟ್ಟ ಹಾಗೆ ಅಂದುಕೊಳ್ಳಿ. ಎಲ್ಲ ಕೋಣೆಗಳನ್ನೂ ಒಂದೇ ಅಚ್ಚಿನಿಂದ ತೆಗೆಯುತ್ತೇವೆ, ಹಾಗಾಗಿ ಒಳಗಿನ ಸಾಮಾನು ಎಲ್ಲರಿಗೂ ಒಂದೇ. ಬೇಡವಾದರೆ ಕೋಣೆಯನ್ನು ಅಳಿಸಿ ಅದೇ ಅಚ್ಚಿನಿಂದ ಇನ್ನೊಂದು ತೆಗೆಯಬಹುದು. ಬೆಳಿಗ್ಗೆ ಆರಕ್ಕೆ ಎಲ್ಲರ ಹಳೆಯ ಕಂಟೇನರೂ ತಾನಾಗಿ ಅಳಿದು ಹೊಸದು ಹುಟ್ಟುವಂತೆ ಮಾಡಿದೆ. ಕೆಲಸದ ಫೋಲ್ಡರು ಮಾತ್ರ ಹೊರಗೆ ಭದ್ರವಾಗಿ ಇರುತ್ತಿತ್ತು, ಉಳಿದದ್ದೆಲ್ಲ ಸ್ವಚ್ಛ.

ಈ ಚೊಕ್ಕಟದ ಹುಚ್ಚು ನನಗೆ ಅಮ್ಮನಿಂದ ಬಂದದ್ದು. ಅಪ್ಪ ಅಂಚೆ ಇಲಾಖೆಯಲ್ಲಿದ್ದರು. ಬೈಂದೂರು, ಬ್ರಹ್ಮಾವರ, ಮತ್ತೆ ಕುಂದಾಪುರ ಎಂದು ಮೂರು ವರ್ಷಕ್ಕೊಮ್ಮೆ ನಮ್ಮ ಪಾತ್ರೆಪಗಡಿ ಟೆಂಪೋ ಹತ್ತುತ್ತಿತ್ತು. ಹೊಸ ಬಾಡಿಗೆ ಮನೆಗೆ ಕಾಲಿಟ್ಟ ಕೂಡಲೇ ಅಮ್ಮ ಸೀರೆ ಎತ್ತಿ ಕಟ್ಟಿ ತೊಳೆಯಲು ಶುರುಮಾಡುತ್ತಿದ್ದರು. ಬೈಂದೂರಿನ ಮನೆಯ ಬಾಗಿಲ ದಾರಂದದ ಮೇಲೆ ಹಿಂದಿದ್ದವರ ಮಕ್ಕಳ ಎತ್ತರ ಅಳೆದ ಪೆನ್ಸಿಲ್ ಗೆರೆಗಳಿದ್ದವು. ಪಕ್ಕದಲ್ಲಿ 'ಶೋಭ' ಎಂದು ಬರೆದಿತ್ತು. ಶೋಭ ಒಂದು ವರ್ಷದಲ್ಲಿ ನಾಲ್ಕು ಬೆರಳು ಬೆಳೆದಿದ್ದಳು. ನಾನು ಅವಳ ಗೆರೆಗೆ ಬೆನ್ನು ತಾಗಿಸಿ ನಿಂತು, ಅವಳನ್ನು ಮೀರಿಸುವುದು ಯಾವಾಗ ಎಂದು ಲೆಕ್ಕ ಹಾಕುತ್ತಿದ್ದಂತೆಯೇ ಅಮ್ಮ ಸೀಮೆಎಣ್ಣೆ ಬಟ್ಟೆಯಿಂದ ಶೋಭಳನ್ನು ಒರೆಸಿಬಿಟ್ಟರು. ಆ ಮನೆ ಬಿಡುವಾಗ ನನ್ನ ಗೆರೆಗಳನ್ನೂ ಒರೆಸಿದರು. ನಾನು ಅತ್ತೆ. "ಮುಂದೆ ಬಪ್ಪರಿಗೆ ಚೊಕ್ಕ ಇರ್ಕಲೆ ಮಗ," ಎಂದರು ಅಮ್ಮ. ಅತ್ತದ್ದು ಮರೆತುಹೋಗಿ ಒರೆಸುವುದು ಮಾತ್ರ ನನ್ನಲ್ಲಿ ಉಳಿಯಿತು ಎಂದು ಕಾಣುತ್ತದೆ.

ಕಂಟೇನರ್ ಬಂದ ಮೊದಲ ಬೆಳಿಗ್ಗೆಯೇ ಅದರ ಬಿಸಿ ನನಗೆ ತಟ್ಟಿತು. 'ಎಂತ' ಎಂದರೆ ಉತ್ತರವಿಲ್ಲ. ನನ್ನ 'ಹೋಪ', 'ಬಪ್ಪ', ಕಣ್ಣಿಗೆ ಹಿತವಾದ ಬಣ್ಣಗಳು, ಎಲ್ಲ ಬೆಳಗಿನ ಆರಕ್ಕೆ ಗುಡಿಸಿ ಹೋಗಿದ್ದವು. ನಾನು ಸುಲಭದ ಉಪಾಯ ಮಾಡಿದೆ. ನನ್ನ ಸೆಟ್ಟಿಂಗುಗಳನ್ನು ಅಚ್ಚಿನೊಳಗೇ ಸೇರಿಸಿದೆ. ಮರುದಿನದಿಂದ ಎಲ್ಲರ ಕಂಟೇನರಿನಲ್ಲೂ ನನ್ನ ಬಣ್ಣ, ನನ್ನ 'ಎಂತ'. ಎಲ್ಲರಿಗೂ ಉಪಕಾರ ಮಾಡಿದೆ ಎಂದೇ ನಂಬಿದ್ದೆ. ಮನೆಯಲ್ಲಿ ತುಳು ಮಾತಾಡುವ ಪ್ರತಿಮಾ ಒಮ್ಮೆ, "ಹಾಗಾದರೆ 'ಎಂತ'ಕ್ಕೆ ನಮ್ಮ 'ದಾನೆ' ಅಂತ ಒಂದು ಹಾಕಿ ಅಕ್ಕ," ಎಂದಳು. ತಮಾಷೆ ಎಂದು ನಕ್ಕು ಬಿಟ್ಟೆ.

ಇನ್ನು ಭಾಸ್ಕರಣ್ಣ. ಅವರು ಕೋಡಿಯವರು. ಇಪ್ಪತ್ತು ವರ್ಷ ದೋಣಿಯಲ್ಲಿ ದುಡಿದವರು. ಬಲೆ ಎಳೆಯುವ ಯಂತ್ರದ ಹಗ್ಗಕ್ಕೆ ಬಲಗೈ ಸಿಕ್ಕಿಕೊಂಡು, ಬೆರಳುಗಳು ಉಳಿದರೂ ಮಡಚುವ ಶಕ್ತಿ ಹೋಯಿತು. ಆಮೇಲೆ ದೋಣಿಗಳ, ಮೀನುಗಳ ಹೆಸರು ತಿದ್ದಿಕೊಡಲೆಂದು ನಮ್ಮಲ್ಲಿಗೆ ಬಂದರು. ನಮ್ಮ ಪಟ್ಟಿಯಲ್ಲಿ ತಪ್ಪು ಹುಡುಕುತ್ತಾ, ಈ ತಪ್ಪು ಎಲ್ಲಿಂದ ಬರುತ್ತದೆ ಎಂದು ಕೇಳುತ್ತಾ, ರಜೆಯಲ್ಲೂ ಕೂತು ಕಲಿಯುತ್ತಾ, ಒಂದೂವರೆ ವರ್ಷದಲ್ಲಿ ತಾವೇ ಪ್ರೋಗ್ರಾಮ್ ಬರೆಯತೊಡಗಿದರು. ನನಗಿಂತ ಹತ್ತು ವರ್ಷ ದೊಡ್ಡವರು, ಆದರೂ ನನ್ನನ್ನು ಸುಜಾತಕ್ಕ ಎಂದೇ ಕರೆಯುತ್ತಾರೆ.

ಒಂದೇ ಕೈಯಲ್ಲಿ ಬರೆಯುವವರು ನಮ್ಮಷ್ಟೇ ಬೇಗ ಹೇಗೆ ಬರೆಯುತ್ತಾರೆ ಎಂದು ಮೊದಮೊದಲು ನನಗೆ ಆಶ್ಚರ್ಯ. ಗುಟ್ಟು ಅವರ ಸೆಟ್ಟಿಂಗಿನಲ್ಲಿತ್ತು. ಎರಡು ಕೀ ಒಟ್ಟಿಗೆ ಒತ್ತಬೇಕಾದಲ್ಲಿ ಒಂದರ ಹಿಂದೆ ಒಂದು ಒತ್ತಿದರೂ ನಡೆಯುವಂತೆ ಮಾಡಿಕೊಂಡಿದ್ದರು. ಮತ್ತೆ, ಪದೇ ಪದೇ ಬರೆಯಬೇಕಾದ ಉದ್ದದ ಸಾಲುಗಳಿಗೆಲ್ಲ ಒಂದೊಂದು ಗಿಡ್ಡ ಹೆಸರು. ಆ ಹೆಸರು ಬರೆದು ಸ್ಪೇಸ್ ಒತ್ತಿದರೆ ಇಡೀ ಸಾಲು ಬಿಚ್ಚಿಕೊಳ್ಳುತ್ತದೆ. ಹೆಸರುಗಳೆಲ್ಲ ಮೀನಿನವು. 'ಬಂಗುಡೆ' ಎಂದರೆ ದಿನಾ ಬೇಕಾಗುವ ಸಾಲು. 'ತೊರಕೆ' ಎಂದರೆ, ಆ ಮೀನಿನ ಬಾಲದ ಹಾಗೆ, ಮುಗಿಯುವುದೇ ಇಲ್ಲ ಎನಿಸುವಷ್ಟು ಉದ್ದದ್ದು. ಹುಡುಕಿದ ದೋಣಿ ಪಟ್ಟಿಯಲ್ಲಿ ಇಲ್ಲ ಎಂದು ತಿಳಿಸುವ ಸಾಲಿಗೆ ಅವರಿಟ್ಟ ಹೆಸರು 'ಕಾಣೆ'; ಅದೂ ಒಂದು ಮೀನೇ. ನಾಲ್ಕು ವರ್ಷದಲ್ಲಿ ಹೀಗೆ ಮುನ್ನೂರರಷ್ಟು ಹೆಸರು ಕೂಡಿಸಿದ್ದರು. ಬರೆಯುವಾಗ ತುಟಿ ಅಲ್ಲಾಡುತ್ತಿತ್ತು. ಮೀನು ಮಾರ್ಕೆಟಿನ ಬದಿಯಲ್ಲಿ ಕೂತ ಹಾಗಾಗುತ್ತಿತ್ತು ನಮಗೆ.

ಕಂಟೇನರ್ ಬಂದ ಮೊದಲ ಬೆಳಿಗ್ಗೆ ಆ ಮುನ್ನೂರೂ ಹೋದವು. ಹಿಂದಿನ ದಿನ ನಾನೇ ಎಲ್ಲರಿಗೂ ಹೇಳಿದ್ದೆ, ನಿಮ್ಮ ಕೆಲಸವನ್ನು ಕೆಲಸದ ಫೋಲ್ಡರಿನಲ್ಲಿ ಉಳಿಸಿಕೊಳ್ಳಿ, ನಿಮ್ಮ ಕಂಪ್ಯೂಟರಿನಲ್ಲಿರುವ ಮಿಕ್ಕದ್ದೂ ಅಳಿಯುತ್ತದೆ ಎಂದು. ಮೀನಿನ ಹೆಸರುಗಳನ್ನು 'ಕೆಲಸ' ಎಂದು ಅವರು ಅಂದುಕೊಂಡಿರಲಿಲ್ಲ. ಅವರೇನೂ ಹೇಳಲಿಲ್ಲ, ನನಗೆ ಗೊತ್ತಾಗಲಿಲ್ಲ. ವಾರ ಕಳೆದು ಅವರ ಒಂದು ಫೈಲು ಕೆಲಸದ ಫೋಲ್ಡರಿಗೆ ಸೇರಿಸಲು ನನ್ನ ಒಪ್ಪಿಗೆಗೆ ಬಂತು. ನೆನಪಾದಷ್ಟು ಹೆಸರುಗಳನ್ನು ಮತ್ತೆ ಬರೆದಿದ್ದರು. ನಾನು ತೆರೆದು ಎರಡು ಸಾಲು ನೋಡಿ, 'ವೈಯಕ್ತಿಕ ಫೈಲುಗಳನ್ನು ಇಲ್ಲಿ ಹಾಕಬಾರದು' ಎಂದು ಬರೆದು ವಾಪಸು ಕಳುಹಿಸಿದೆ. ಕೆಳಗೆ ಅವರು 'ಆಯ್ತ್' ಎಂದು ಬರೆದರು. ಆ ಒಂದು ಶಬ್ದ ಈಗಲೂ ಅಲ್ಲಿದೆ. ಅಳಿಸಲು ನನಗೆ ಮನಸ್ಸಾಗಿಲ್ಲ.

ಎರಡು ತಿಂಗಳಾಗುವ ಹೊತ್ತಿಗೆ ನಮ್ಮ ಯಜಮಾನರು ನನ್ನನ್ನು ಕರೆದರು. "ಭಾಸ್ಕರಂದ್ ಇತ್ತೀಚಿಗ್ ಕೆಲ್ಸ ಮುಂದ್ ಹೋತಿಲ್ಲೆ ಅಲ್ದಾ? ವಯಸ್ಸಾಯ್ತೋ ಎಂತದೋ. ಒಂದ್ ಮಾತಾಡಿ ಕಾಣಿ."

ನಾನು ತಲೆಯಾಡಿಸಿದೆ. ಹೌದು, ನಿಧಾನವಾಗಿದ್ದಾರೆ ಎಂದು ನನಗೂ ಅನಿಸಿತ್ತು. ಮಾತಾಡುವುದು ಹೇಗೆಂದು ತಿಳಿಯದೆ ನಾಲ್ಕು ದಿನ ಮುಂದೂಡಿದೆ.

ಐದನೆಯ ದಿನ ಲೈನಿನ ಕೆಲಸವಿದೆ, ಹತ್ತರಿಂದ ಒಂದರವರೆಗೆ ಕರೆಂಟಿಲ್ಲ ಎಂದು ಪ್ರಕಟಣೆ ಬಂತು. ಅಷ್ಟರೊಳಗೆ ನಾಲ್ಕು ಕೆಲಸ ಮುಗಿಸೋಣವೆಂದು ಏಳೂಮುಕ್ಕಾಲಿಗೇ ಆಫೀಸು ಮುಟ್ಟಿದೆ. ಬಾಗಿಲು ತೆರೆದಿತ್ತು. ಭಾಸ್ಕರಣ್ಣ ತಮ್ಮ ಜಾಗದಲ್ಲಿ ಕೂತಿದ್ದರು. ಎದುರಿಗೆ ಉದ್ದದ ನೋಟ್‌ಬುಕ್ಕು, ಹಾಳೆ ಮುಚ್ಚದಂತೆ ಅದರ ಮೇಲೆ ಬಲಗೈ. ಎಡಗೈಯಿಂದ ಟೈಪ್ ಮಾಡುತ್ತಿದ್ದರು.

"ಇಷ್ಟ್ ಬೇಗ ಎಂತಕ್ ಬಂದ್ರಿ ಭಾಸ್ಕರಣ್ಣ? ಕರೆಂಟ್ ಹೋತ್ ಅಂದೇಳಿಯಾ?"

"ಇಲ್ಲೆ ಅಕ್ಕ. ನಾನ್ ದಿನಾ ಇಷ್ಟೊತ್ತಿಗೇ ಬಪ್ಪುದ್."

"ದಿನಾ? ಎಂತಕ್ಕೆ?"

"ಇದನ್ನೆಲ್ಲ ಒಂದ್ ಸಲ ತುಂಬ್ಸ್ಕಣ್ಕಲೆ. ಇಲ್ದಿರೆ ಕೈ ಓಡುದಿಲ್ಲೆ."

ನೋಟ್‌ಬುಕ್ಕು ನೋಡಿದೆ. ಎಡಗೈಯ ಓರೆ ಅಕ್ಷರದಲ್ಲಿ ಸಾಲು ಸಾಲು ಮೀನು, ಪ್ರತಿಯೊಂದರ ಮುಂದೆ ಅದರ ಅರ್ಥ. ಹೊರಗಿನದ್ದನ್ನು ಸರ್ವರಿನೊಳಗೆ ತಂದು ಅಂಟಿಸಬಾರದೆಂಬ ನಿಯಮವೂ ನಮ್ಮಲ್ಲಿತ್ತು. ಅದೂ ನಾನು ಮಾಡಿದ್ದೇ. ಹಾಗಾಗಿ ಅವರು ಪ್ರತಿದಿನ ಬೆಳಿಗ್ಗೆ ಬಂದು, ಅವತ್ತಿಗೆ ಬೇಕಾದೀತು ಎನಿಸಿದ ನೂರು ನೂರಿಪ್ಪತ್ತು ಹೆಸರುಗಳನ್ನು ಪುಸ್ತಕ ನೋಡಿ, ಒಂದೇ ಕೈಯಲ್ಲಿ, ಮೊದಲಿನಿಂದ ಬರೆಯುತ್ತಿದ್ದರು. ನಡುಹಗಲಲ್ಲಿ ನಾನು "ಎಲ್ಲರೂ ಕಂಟೇನರ್ ಹೊಸತು ಮಾಡಿ" ಎಂದು ಕೂಗಿದ ದಿನಗಳಲ್ಲಿ ಊಟದ ಹೊತ್ತಿನಲ್ಲಿ ಮತ್ತೊಮ್ಮೆ.

"ಎಷ್ಟ್ ದಿನದಿಂದ?"

"ಹೊಸ ಪದ್ಧತಿ ಬಂದಾಗ್ಳಿಂದ. ಎರಡ್ ತಿಂಗ್ಳಾಯ್ತ್."

"ನಂಗೊಂದ್ ಮಾತ್ ಹೇಳುಕಾಗ್ದಾ?"

ಅವರು ನೋಟ್‌ಬುಕ್ಕು ಮುಚ್ಚಿದರು. "ಎಲ್ಲರಿಗೂ ಒಂದೇ ಅಲ್ದೆ ಅಕ್ಕ. ನಂಗೊಬ್ನಿಗೆ ಬೇರೆ ಮಾಡಿ ಅಂದೇಳಿ ಹ್ಯಾಂಗ್ ಕೇಳುದ್? ಅದೂ ಅಲ್ದೆ, ನೀವ್ ಅವತ್ತೇ ಬೇಡ ಅಂದಿದ್ರಿಯಲೆ." ಮತ್ತೆ, "ಈ ತಿಂಗ್ಳ್ ಕಳ್ದ್ ಕೆಲ್ಸ ಬಿಡ್ವ ಅಂದೇಳಿ ಎಣ್ಸಿದ್ದೆ. ಗಂಗೊಳ್ಳಿಯಂಗೆ ಭಾವನ್ ಐಸ್ ಪ್ಲಾಂಟ್ ಇತ್ತ್. ಗೇಟಂಗೆ ಕಾವಲ್ ಕೂಕಂಬುದ್. ಅಲ್ಲ್ ಟೈಪ್ ಮಾಡುಕಿಲ್ಲೆ," ಎಂದರು.

ಸಿಟ್ಟಿಲ್ಲ, ದೂರಿಲ್ಲ. ನಾಳೆ ಮಳೆ ಬರಬಹುದು ಎಂಬಂತೆ ಹೇಳಿದರು.

ಅಷ್ಟರಲ್ಲಿ ಪ್ರತಿಮಾ ಬಂದಳು. ಅವಳನ್ನು ಕೇಳಿದೆ, "ನಿಂದೂ ಎಲ್ಲ ಹೋತಾ ದಿನಾ?"

"ಹೋಗ್ತದೆ," ಎಂದಳು ಚೀಲ ಇಡುತ್ತಾ. "ನಾನು ಹಾಕುವುದೇ ಬಿಟ್ಟಿದ್ದೇನೆ. ನಿಮಗೆಂತ ಅಕ್ಕ, ನಿಮ್ಮದೆಲ್ಲ ಅಚ್ಚಿನ ಒಳಗೇ ಉಂಟಲ್ಲ!"

ಅವಳು ಚುಚ್ಚಬೇಕೆಂದು ಹೇಳಿದ್ದಲ್ಲ. ಆದರೆ ಎರಡು ತಿಂಗಳಿಂದ ನನಗೆ ಕಾಣದೇ ಇದ್ದದ್ದು ಆಗ ಕಂಡಿತು. ಎಲ್ಲರಿಗೂ ಸಮಾನ ಎಂದು ನಾನು ಹಂಚಿದ್ದು ನನ್ನದೇ ಅಭ್ಯಾಸವನ್ನು. ನನ್ನದು ಉಳಿದಿತ್ತು, ಆದ್ದರಿಂದ ಏನೂ ಕಳೆದಿಲ್ಲ ಎಂದುಕೊಂಡಿದ್ದೆ.

ಮದ್ದು ನನಗೆ ಗೊತ್ತಿರಲಿಲ್ಲವೆಂದಲ್ಲ. ನಾಲ್ಕು ಸಾಲಿನ ಕೆಲಸ. ಪ್ರತಿಯೊಬ್ಬರ ಸೆಟ್ಟಿಂಗಿಗೆ ಕಂಟೇನರಿನ ಹೊರಗೆ ಒಂದು ಪ್ರತ್ಯೇಕ ಜಾಗ ಮಾಡಿ, ಹೊಸ ಕಂಟೇನರ್ ಹುಟ್ಟಿದಾಗಲೆಲ್ಲ ಅದನ್ನು ತಂದು ಜೋಡಿಸಿದರಾಯಿತು. ವಾಲ್ಯೂಮ್ ಎನ್ನುತ್ತಾರೆ. ಕಂಟೇನರ್ ನೂರು ಸಲ ಅಳಿದರೂ ಅದು ಅಳಿಯುವುದಿಲ್ಲ. ಕೆಲಸದ ಫೋಲ್ಡರಿಗೆ ಇದನ್ನೇ ಮಾಡಿದ್ದೆ. ಮನುಷ್ಯರಿಗೆ ಮಾಡಿರಲಿಲ್ಲ, ಅಷ್ಟೆ.

"ಹತ್ತ್ ಗಂಟಿ ಒಳ್ಗೆ ಮಾಡ್ವ ಭಾಸ್ಕರಣ್ಣ," ಎಂದು ಸರ್ವರಿಗೆ ಕೈ ಹಾಕಿದೆ. ಅವಸರದ ಕೆಲಸ, ಮೊದಲ ಸಲ ಕೆಟ್ಟಿತು. ಜಾಗವೇನೋ ಆಯಿತು, ಆದರೆ ಅದರ ಯಜಮಾನಿಕೆ ಸರ್ವರಿನ ಹೆಸರಿಗೆ ಹೋಗಿತ್ತು. ಭಾಸ್ಕರಣ್ಣ ಫೈಲು ಉಳಿಸಲು ನೋಡಿದರೆ, ನಿಮಗೆ ಅನುಮತಿ ಇಲ್ಲ ಎಂದಿತು.

"ಕಾಣಿ, ನನ್ ಪೆಟ್ಗಿ ನಂಗೇ ಬೀಗ," ಎಂದು ಅವರು ನಕ್ಕರು. ಅವತ್ತಿನ ಮೊದಲ ನಗು.

ಅದನ್ನು ಅವರ ಹೆಸರಿಗೆ ಬದಲಿಸುವಾಗ ಒಂಬತ್ತೂವರೆ. ಸೆಟ್ಟಿಂಗುಗಳನ್ನೆಲ್ಲ ಹೊಸ ಜಾಗಕ್ಕೆ ಸೇರಿಸಿದ್ದಾಯಿತು. ಇನ್ನು ಪರೀಕ್ಷೆ. ಕಂಟೇನರನ್ನು ಅಳಿಸಿ ನೋಡಬೇಕು.

"ಅಳ್ಸುಕೇ ಬೇಕಾ ಅಕ್ಕ?"

"ಅಳ್ಸದಿರೆ ಗೊತ್ತಾತಿಲ್ಲೆ."

ಅವರ ಎಡಗೈ ಒಂದು ಕ್ಷಣ ಗಾಳಿಯಲ್ಲೇ ನಿಂತಿತು. ಆಮೇಲೆ ತಾವೇ ಒತ್ತಿದರು. ಕಂಟೇನರ್ ಅಳಿಯಿತು. ಹೊಸತು ಹುಟ್ಟಲು ಶುರುವಾಯಿತು. ಹತ್ತಕ್ಕೆ ಇನ್ನೂ ಹನ್ನೆರಡು ನಿಮಿಷವಿತ್ತು. ಅಷ್ಟರಲ್ಲೇ ಕರೆಂಟು ಹೋಯಿತು.

ಮೂಲೆಯ ಸರ್ವರು ನಾಲ್ಕು ಸಲ ಕೀಂ ಎಂದು ಮಲಗಿತು. ಇನ್‌ವರ್ಟರು ಒಂದು ಫ್ಯಾನಿಗೆ ಮಾತ್ರ. ಆರೂ ಜನ ಆ ಫ್ಯಾನಿನ ಅಡಿಗೆ ಕುರ್ಚಿ ಎಳೆದುಕೊಂಡೆವು. ಕೆಳಗಿನಿಂದ ಗೋಳಿಬಜೆ ತರಿಸಿದೆ. ಭಾಸ್ಕರಣ್ಣ ನೋಟ್‌ಬುಕ್ಕನ್ನು ತೊಡೆಯ ಮೇಲೆ ಇಟ್ಟುಕೊಂಡೇ ತಿಂದರು. ಅದನ್ನು ನೋಡುವುದು ನನಗೆ ಕಷ್ಟವಾಯಿತು.

"ನಂದ್ ತಪ್ಪಾಯ್ತ್ ಭಾಸ್ಕರಣ್ಣ," ಎಂದೆ. ಎಲ್ಲರೂ ಇದ್ದರು, ಎಲ್ಲರ ಎದುರೇ ಹೇಳಬೇಕೆಂದು ಹೇಳಿದೆ. "ನಿಮ್ ಫೈಲ್ ವಾಪಸ್ ಕಳ್ಸಿದ್ನಲೆ, ಅದೆಂತಕ್ಕೆ ಅಂದೇಳಿ ಒಂದ್ ಮಾತ್ ಕೇಂಬುದ್ ಬಿಟ್ಟೆ."

"ಎಂತ ತಪ್ಪ್ ಅಕ್ಕ," ಎಂದರು. ಮತ್ತೊಂದು ಬಜೆ ತೆಗೆದುಕೊಂಡರು. ಅದನ್ನು ತಿಂದು ಮುಗಿಸಿ, "ಕೇಳಿದ್ರೆ ಅಡ್ಡಿ ಇರ್ಲಿಲ್ಲೆ," ಎಂದರು, ಚಟ್ನಿಯ ಕಡೆ ನೋಡುತ್ತಾ. ಅವರು ನನಗೆ ಹೇಳಿದ ಕಟು ಮಾತು ಅದೊಂದೇ.

ಒಂದೂಕಾಲಕ್ಕೆ ಕರೆಂಟು ಬಂತು. ಸರ್ವರು ಎದ್ದು ಮೈಮುರಿದು ತಯಾರಾಗಲು ಹತ್ತು ನಿಮಿಷ. ಭಾಸ್ಕರಣ್ಣ ಒಳಹೊಕ್ಕರು. ಹೊಸ ಕಂಟೇನರು. ಎಡಗೈಯಿಂದ 'ಕಾಣೆ' ಎಂದು ಬರೆದು ಸ್ಪೇಸ್ ಒತ್ತಿದರು. ಇಡೀ ಸಾಲು ಬಿಚ್ಚಿಕೊಂಡಿತು. 'ಬಂಗುಡೆ' ಬಂತು. 'ತೊರಕೆ' ಬಾಲ ಸಮೇತ ಬಂತು. ಅವರು ಒಂದರ ಹಿಂದೆ ಒಂದು, ಕರೆದು ಕರೆದು ನೋಡುತ್ತಲೇ ಇದ್ದರು. ಪ್ರತಿಮಾ ಚಪ್ಪಾಳೆ ತಟ್ಟಿದಳು. ನಾನು ಕನ್ನಡಕ ಒರೆಸುವ ನೆಪದಲ್ಲಿ ಕಿಟಕಿಯ ಕಡೆ ತಿರುಗಿದೆ.

ಅವತ್ತು ಮಧ್ಯಾಹ್ನವೇ ಎಲ್ಲರಿಗೂ ಅಂಥ ಜಾಗ ಮಾಡಿಕೊಟ್ಟೆ. ನನ್ನದನ್ನು ಅಚ್ಚಿನಿಂದ ತೆಗೆದು ನನ್ನ ಜಾಗಕ್ಕೆ ಹಾಕಿಕೊಂಡೆ. ಪ್ರತಿಮಾ ಸಂಜೆಯೊಳಗೆ 'ದಾನೆ' ಹಾಕಿಕೊಂಡಳು. ಯಜಮಾನರಿಗೆ, ನಿಧಾನವಾದದ್ದು ಯಾಕೆ, ಯಾರಿಂದ ಎಂದು ಹೋಗಿ ಹೇಳಿದೆ. ಐಸ್ ಪ್ಲಾಂಟಿನ ಮಾತು ಮತ್ತೆ ಬರಲಿಲ್ಲ.

ಇಷ್ಟಕ್ಕೇ ಮುಗಿಯಿತು ಎಂದುಕೊಂಡಿದ್ದೆ. ಮುಂದಿನ ವಾರ ಒಂದು ಮಧ್ಯಾಹ್ನ, ಭಾಸ್ಕರಣ್ಣ ಕೆಳಗೆ ಊಟಕ್ಕೆ ಹೋಗಿದ್ದಾಗ, ಮೆಟ್ಟಿಲು ಹತ್ತಿ ಒಬ್ಬ ಹೆಂಗಸು ಬಂದರು. ಕೈಯಲ್ಲಿ ಬಾಳೆಲೆ ಸುತ್ತಿದ ಪೊಟ್ಟಣ. ಬಾಗಿಲಲ್ಲೇ ನಿಂತು, "ಹ್ವಾಯ್, ಸುಜಾತಕ್ಕ ಅಂದ್ರೆ ಯಾರ್?" ಎಂದರು.

"ನಾನೇ. ಬನ್ನಿ."

"ನಾನ್ ಗಿರಿಜ. ಕೋಡಿ ಭಾಸ್ಕರನ್ ಹೆಂಡ್ತಿ." ಪೊಟ್ಟಣವನ್ನು ನನ್ನ ಮೇಜಿನ ಮೇಲಿಟ್ಟರು. "ಬಂಗ್ಡಿ. ತಾಜಾ ಇತ್ತ್." ಕಣ್ಣು ಮಾತ್ರ ಕೋಣೆಯಲ್ಲಿ ಏನನ್ನೋ ಹುಡುಕುತ್ತಿತ್ತು. ಮತ್ತೆ ಸ್ವರ ತಗ್ಗಿಸಿ ಕೇಳಿದರು, "ಅಕ್ಕ, ಒಂದ್ ಕೇಂತೆ. ಖರೆ ಹೇಳ್ಕ್. ಇವ್ರಿಗ್ ಇಲ್ಲ್ ಕೆಲ್ಸ ಇತ್ತಾ?"

ನನಗೆ ಅರ್ಥವಾಗಲಿಲ್ಲ.

"ಅಲ್ಲ, ಎರಡ್ ತಿಂಗ್ಳ್ ಬೆಳ್ಗಾಪುದ್ರೊಳ್ಗೆ ಹೊರ್ಟ್ ಹೋತಿದ್ರ್. ನಾನ್ ಮೀನ್ ತಕಂಡ್ ಮನಿಗ್ ಬಪ್ಪೊತ್ತಿಗೆ ಇಪ್ಪುದಿಲ್ಲೆ. ಕೇಂಡ್ರೆ, ಕಲಿಯುಕಿತ್ತ್ ಅಂಬ್ರ್. ಯಾವ್ ಆಫೀಸಂಗೆ ಏಳ್ ಗಂಟಿಗೆ ಕಲಿಸ್ತ್ರ್? ಕೆಲ್ಸ ಹೋಯ್ತ್, ಹೇಳುಕ್ ನಾಚ್ಕಿ ಆಯಿ ಎಲ್ಲಾದ್ರೂ ಕಡಲ್ ಬದಿಯಂಗೆ ಹೋಯಿ ಕೂಕಂತ್ರೋ ಅಂದೇಳಿ ನಾನ್ ಎಣ್ಸಿದ್ದೆ. ಕೈ ಹೋದಾಗ್ಳೂ ಹಾಂಗೇ ಮಾಡಿದ್ರ್. ಈಗ ಒಂದ್ ವಾರದಿಂದ ಎಂಟೂವರೆವರಿಗೂ ಮನಿಯಂಗೇ ಇರ್ತ್ರ್. ನನ್ನೊಟ್ಟಿಗ್ ಕೂಕಂಡ್ ಚಾ ಕುಡಿತ್ರ್. ನಂಗ್ ಮತ್ತೂ ಹೆದ್ರಿಕಿ ಆಯ್ತ್."

ಅವರನ್ನು ಕೂರಿಸಿ ಎಲ್ಲವನ್ನೂ ಹೇಳಿದೆ. ಕಂಟೇನರ್ ಎಷ್ಟು ಅರ್ಥವಾಯಿತೋ ತಿಳಿಯದು. ನನ್ನಿಂದಾಗಿ ಅವರ ಗಂಡ ಎರಡು ತಿಂಗಳು ದಿನಾ ಒಂದೇ ಪಾಠವನ್ನು ಬರೆಯಬೇಕಾಯಿತು, ಈಗ ಬೇಡ ಎಂಬುದು ಅರ್ಥವಾಯಿತು. ಕೆಲಸ ಇದೆ, ಹೋಗುವುದಿಲ್ಲ ಎಂಬುದು ಅರ್ಥವಾಯಿತು. ಬೈಯುತ್ತಾರೆಂದು ನಾನು ಕಾದೆ. ಅವರು ಬೈಯಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು ಕೇಳಿದರು:

"ಇವ್ರ್ ಕೂಕಂಬುದ್ ಎಲ್ಲ್?"

ತೋರಿಸಿದೆ. ಗಿರಿಜಕ್ಕ ಎದ್ದು ಹೋಗಿ ಭಾಸ್ಕರಣ್ಣನ ಕುರ್ಚಿಯಲ್ಲಿ ಕೂತರು. ಎರಡೂ ಕೈಗಳನ್ನು ಅದರ ತೋಳುಗಳ ಮೇಲಿಟ್ಟು, ಬೆನ್ನು ಒರಗಿಸಿ, ಒಂದು ಸಲ ಆ ಕಡೆ, ಒಂದು ಸಲ ಈ ಕಡೆ ತಿರುಗಿಸಿ ನೋಡಿದರು. ಮೇಲೆ ಫ್ಯಾನು ತಿರುಗುತ್ತಿತ್ತು. ಮೆಟ್ಟಿಲಿನಲ್ಲಿ ಭಾಸ್ಕರಣ್ಣ ಮೇಲೆ ಬರುವ ಸದ್ದು ಕೇಳಿಸಿತು. ಆದರೂ ಗಿರಿಜಕ್ಕ ಏಳಲಿಲ್ಲ.

"ಗಾಳಿ ಬತ್ತ್," ಎಂದರು ನನಗೆ. "ಅಡ್ಡಿಲ್ಲೆ."